ಕೆಂಪಾಗದ ಹಣ್ಣಿನ ಫೋಟೋ

ಯಾವ ಕ್ಯಾಮೆರಾ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಆಲ್ದೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ಯಾವ ಲೆನ್ಸು ಬೇಕು ಎಂದು ಮೊದಲು ಕೇಳಿದವರನ್ನು ಒಂದು ಕೈಯಲ್ಲಿ ಎಣಿಸಬಹುದು. ಒಲೆ ಯಾವುದು ಎಂದು ಕೇಳುತ್ತಾರೆ, ಅಕ್ಕಿ ಯಾವುದು ಎಂದು ಕೇಳುವುದಿಲ್ಲ. ನಾನು ಇದನ್ನು ಬಾಯಿಬಿಟ್ಟು ಹೇಳಿಬಿಡುತ್ತೇನೆ, ಕೇಳಿದವರ ಮುಖ ಸಣ್ಣದಾಗುತ್ತದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೆಲ್ಲ ಗೊತ್ತು.

ನನ್ನ ಹತ್ತಿರ ಇರುವುದು ಮೂರೇ ಲೆನ್ಸು. ಐವತ್ತರದ್ದು, ಅಂದರೆ ಐವತ್ತು ಎಂಎಂ, ಒಂದು. ಅದರಲ್ಲಿ ಎದುರಿಗಿರುವುದು ಹೆಚ್ಚುಕಡಿಮೆ ಕಣ್ಣಿಗೆ ಕಂಡ ಹಾಗೇ ಬರುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಅಗಲದ್ದು ಒಂದು. ಹೋಂಸ್ಟೇಯವರು ಹತ್ತಡಿಯ ಕೋಣೆಯನ್ನು ಹಾಲ್ ಮಾಡಿ ತೋರಿಸಿ ಎಂದಾಗ ಅದು ಹೊರಗೆ ಬರುತ್ತದೆ. ಮೂರನೆಯದು ಉದ್ದದ್ದು, ಎಪ್ಪತ್ತರಿಂದ ಇನ್ನೂರರವರೆಗೆ ಎಳೆಯಬಹುದು. ಮದುವೆ ಛತ್ರದ ಹಿಂದಿನ ಸಾಲಿನಲ್ಲಿ ನಿಂತು ಧಾರೆ ಎರೆಯುವ ಕೈಗಳನ್ನು ತೆಗೆಯುವುದಕ್ಕೆಂದು ಕೊಂಡಿದ್ದು. ಈಗ ಮದುವೆಗೆ ಡ್ರೋನ್ ಹಾರಿಸುವವರನ್ನು ಕರೆಯುತ್ತಾರೆ. ನನ್ನ ಉದ್ದ ಲೆನ್ಸು ಹೆಚ್ಚಾಗಿ ಬೀರುವಿನಲ್ಲೇ ಇರುತ್ತದೆ.

ಬೀರುವೆಂದರೆ ಬರೀ ಬೀರುವಲ್ಲ, ಅದರೊಳಗೆ ಹಗಲೂ ರಾತ್ರಿ ಒಂದು ಝೀರೋ ಬಲ್ಬು ಉರಿಯುತ್ತದೆ. ನಮ್ಮ ಕಡೆ ಜೂನ್ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಲೆನ್ಸಿಗೆ ಹಿಡಿಯದೆ ಬಿಡುತ್ತದೆಯೇ? ನನ್ನ ಮೊದಲನೆಯ ಲೆನ್ಸು ಹಾಗೇ ಹೋಯಿತು. ಗಾಜಿನ ಒಳಗೆ ಬಿಳಿ ಎಳೆಗಳು ಹರಡಿಕೊಂಡು, ಯಾರ ಫೋಟೋ ತೆಗೆದರೂ ಮಂಜಿನಲ್ಲಿ ನಿಂತವರ ಹಾಗೆ ಬರುತ್ತಿತ್ತು. ಎರಡು ದಿನ ಅತ್ತಿದ್ದೆ. ಆಮೇಲೆ ತೇವ ಆರಲಿ ಎಂದು ಬಲ್ಬು ಹಾಕಿಸಿದೆ, ಪ್ರತಿ ಲೆನ್ಸಿನ ಮೂತಿಗೂ ಒಂದೊಂದು ಯುವಿ ಫಿಲ್ಟರ್ ತಿರುಪಿದೆ. ಯುವಿ ಫಿಲ್ಟರಿನಿಂದ ಚಿತ್ರಕ್ಕೆ ಏನೂ ಲಾಭವಿಲ್ಲ, ಅದು ಬರೀ ಕಾವಲು ಗಾಜು. ಗೀಚು ಬಿದ್ದರೆ ಅದರ ಮೇಲೆ ಬೀಳಲಿ ಎಂದು.

ಟ್ರೈಪಾಡಿನ ಕಥೆ ಬೇರೆ. ನನ್ನ ಯಜಮಾನರದ್ದು ಪಕ್ಕದಲ್ಲೇ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಶಟರ್ ಎತ್ತಿದರೆ ಮಧ್ಯಾಹ್ನದವರೆಗೆ ಅಲ್ಲಿಂದ ಏಳುವವರಲ್ಲ. ಟ್ರೈಪಾಡಿನ ಒಂದು ಕಾಲಿನ ಕ್ಲಿಪ್ ಮುರಿದಾಗ ನಲ್ಲಿ ಪೈಪಿಗೆ ಹಾಕುವ ಕ್ಲಾಂಪ್ ಬಿಗಿದು ಕೊಟ್ಟರು. ನೋಡುವುದಕ್ಕೆ ಅಸಹ್ಯ, ಆದರೆ ಆರು ವರ್ಷದಿಂದ ಜಾರಿಲ್ಲ. ತೋಟದ ಇಳಿಜಾರಿನಲ್ಲಿ ತರಗೆಲೆಯ ಮೇಲೆ ಇಟ್ಟರೆ ಕಾಲುಗಳು ಹೂತುಹೋಗುತ್ತವೆ ಎಂದಾಗ ಮೂರು ತಗಡಿನ ಬಿಲ್ಲೆ ಕತ್ತರಿಸಿ ಅಡಿಗೆ ತಿರುಪಿದರು. ಲೆನ್ಸಿಗೆ ಮಾತ್ರ ಅವರು ಪೈಪು ಎಂದೇ ಹೇಳುವುದು. ಉದ್ದ ಪೈಪು, ಗಿಡ್ಡ ಪೈಪು.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಇದು ನಾನು ಮಾಡಿದ ತಪ್ಪಿನ ವಿಷಯ.

ಎರಡು ಕೊಯ್ಲಿನ ಹಿಂದೆ ಸ್ಟುಡಿಯೋ ಮುಚ್ಚುವ ಹಂತಕ್ಕೆ ಬಂದಿತ್ತು. ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬೇರೆ ಕೆಲಸವಿಲ್ಲ, ಅದನ್ನೂ ಜನ ಫೋನಿನಲ್ಲೇ ತೆಗೆದುಕೊಂಡು ಬಂದು ಪ್ರಿಂಟ್ ಮಾತ್ರ ಕೇಳುತ್ತಿದ್ದರು. ಆಗ ಒಬ್ಬ ಸಾಹುಕಾರರಿಂದ ಫೋನ್ ಬಂತು. ಅವರದ್ದು ನಮ್ಮೂರಿನಿಂದ ನಾಲ್ಕು ಮೈಲಿ ದೂರದಲ್ಲಿ ಅರೇಬಿಕಾ ತೋಟ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಚಿಕ್ಕಮಗಳೂರಿನಲ್ಲಿ ಮಗಳ ಮನೆಯಲ್ಲಿ ಮಲಗಿದ್ದರು. ಹಣ್ಣಾಗುವ ಕಾಲ. ಪ್ರತಿ ವರ್ಷ ತಾವೇ ತೋಟ ಸುತ್ತಿ ಯಾವ ಬ್ಲಾಕಿನಲ್ಲಿ ಯಾವಾಗ ಕೊಯ್ಯಬೇಕು ಎಂದು ತೀರ್ಮಾನಿಸುತ್ತಿದ್ದವರಿಗೆ ಈಗ ಹಾಸಿಗೆಯಿಂದ ಏಳುವ ಹಾಗಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದರಂತೆ, ಬರೀ ಎಲೆ ಕಂಡಿತಂತೆ. ಅದಕ್ಕೇ ನೀವು ವಾರಕ್ಕೊಂದು ಸಲ ಹೋಗಿ ಎಲ್ಲಾ ಬ್ಲಾಕಿನ ಫೋಟೋ ತೆಗೆದು ಕಳಿಸಿ ಎಂದರು. ಕೊಯ್ಲು ಮುಗಿಯುವವರೆಗೆ ಕೆಲಸ, ಆಮೇಲೆ ಹೂವಿನ ಕಾಲಕ್ಕೂ ಬೇಕಾಗಬಹುದು ಎಂದರು. ನಾನು ಒಪ್ಪಿಕೊಂಡೆ ಎನ್ನುವುದಕ್ಕಿಂತ ಗಪ್ಪನೆ ಹಿಡಿದುಕೊಂಡೆ ಎನ್ನಬೇಕು.

ಫೋಟೋ ನೋಡಿ ಕೊಯ್ಲು ಶುರು ಮಾಡುವುದು ಎಂದರೆ ಹಿಂದಿನವರು ನಗುತ್ತಿದ್ದರು. ಅರೇಬಿಕಾ ಒಂದೇ ಸಲ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಕಾಯಿ, ದೋರುಗಾಯಿ, ಹಣ್ಣು ಮೂರೂ ಇರುತ್ತವೆ. ಮೊದಲು ಅಲ್ಲೊಂದು ಇಲ್ಲೊಂದು ಹಣ್ಣನ್ನು ಆರಿಸಿ ತೆಗೆಯುತ್ತಾರೆ, ಅದು ಫ್ಲೈ ಪಿಕ್ಕಿಂಗ್. ಆಮೇಲೆ ಮುಖ್ಯ ಕೊಯ್ಲು. ಆ ಎರಡರ ನಡುವೆ ಎಷ್ಟು ದಿನ ಕಾಯಬೇಕು ಎನ್ನುವುದರಲ್ಲೇ ಇರುವುದು ಬುದ್ಧಿವಂತಿಕೆ. ಬೇಗ ಕೊಯ್ದರೆ ಹಸಿ ಬೀಜ ಸೇರಿಕೊಂಡು, ಸಿಪ್ಪೆ ಸುಲಿದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಕೆಡುತ್ತದೆ, ತಡವಾದರೆ ಹಣ್ಣು ಉದುರುತ್ತದೆ.

ತೋಟದಲ್ಲಿ ನನ್ನ ಜೊತೆ ಸುತ್ತುವುದಕ್ಕೆ ಬಂದವಳು ಅಲ್ಲಿಯ ಮೇಸ್ತ್ರಿ. ಹೆಂಗಸು ಮೇಸ್ತ್ರಿ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಆ ತೋಟದ ಆಳುಗಳ ಲೈನು ಮನೆಯಲ್ಲೇ ಹುಟ್ಟಿ, ಬುಟ್ಟಿ ಹೊತ್ತು, ಗಂಡಸು ಮೇಸ್ತ್ರಿ ಬಿಟ್ಟುಹೋದ ವರ್ಷ ಸಾಹುಕಾರರೇ ಕರೆದು ಆಳುಗಳನ್ನು ನೋಡಿಕೋ ಎಂದಿದ್ದರಂತೆ. ಅವತ್ತಿನಿಂದ ಆಕೆ ಬುಟ್ಟಿ ಹೊತ್ತಿಲ್ಲ. ಆ ಮಾತನ್ನು ಮೊದಲ ದಿನವೇ ನನಗೆ ಹೇಳಿದಳು, ಹೇಳುವಾಗ ಬೆನ್ನು ನೆಟ್ಟಗಾಯಿತು. ನಾನು ಅಕ್ಕ ಎಂದೆ, ಆಕೆ ಮಾರಾಯ್ತಿ ಎಂದಳು. ಎರಡನೆಯ ವಾರಕ್ಕೆ ಇಬ್ಬರೂ ನೀನು ಎಂದು ಮಾತಾಡುತ್ತಿದ್ದೆವು.

ಹಣ್ಣು ನೋಡುವುದಕ್ಕೆ ಆಕೆಗೆ ಕಣ್ಣು ಸಾಲದು, ಬೆರಳು ಬೇಕು. ಗೊಂಚಲಿನಿಂದ ಒಂದನ್ನು ಕಿತ್ತು ಎರಡು ಬೆರಳಿನಲ್ಲಿ ಹಿಚುಕುತ್ತಿದ್ದಳು. ಬೀಜ ಪುಳಕ್ಕನೆ ಜಾರಿ ಹೊರಗೆ ಬಂದರೆ ಹಣ್ಣು. ಸಿಪ್ಪೆ ಬಿಗಿಹಿಡಿದರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ, ಇನ್ನೂ ಇರಲಿ. ಗಿಡದ ಮೇಲುಗಡೆ ನೋಡಿ ಮೋಸ ಹೋಗಬೇಡ, ಕೆಳಗಿನ ರೆಕ್ಕೆ ಎತ್ತಿ ನೋಡು ಎನ್ನುತ್ತಿದ್ದಳು. ರೆಕ್ಕೆಯೆಂದರೆ ಕೊಂಬೆ. ನನ್ನ ಟ್ರೈಪಾಡು ನಿಲ್ಲದ ಕಡಿದಾದ ಜಾಗದಲ್ಲಿ ತನ್ನ ಕೊಕ್ಕೆಕೋಲನ್ನು ನೆಲಕ್ಕೆ ಊರಿ ಹಿಡಿದುಕೊಳ್ಳುತ್ತಿದ್ದಳು, ನಾನು ಅದಕ್ಕೆ ಕ್ಯಾಮೆರಾ ಆನಿಸಿ ಒತ್ತುತ್ತಿದ್ದೆ. ಸಿಲ್ವರ್ ಓಕಿನ ನೆರಳಿನಲ್ಲಿ ಬೆಳಕು ಕಡಿಮೆ, ಸ್ವಲ್ಪ ಅಲುಗಿದರೂ ಚಿತ್ರ ಹೋಯಿತು. ಆಕೆ ಹಿಡಿದಾಗ ಅಲುಗುತ್ತಿರಲಿಲ್ಲ.

ಹೀಗೆ ಕೋಲು ಹಿಡಿದು ನಿಂತಿದ್ದಾಗಲೇ ಒಂದು ದಿನ ನನ್ನ ಕಷ್ಟ ಹೇಳಿಕೊಂಡೆ. ಈ ಕೆಲಸವೂ ಹೋದರೆ ಶಟರ್ ಎಳೆದುಬಿಡುತ್ತೇನೆ, ಅಂಗಡಿಯನ್ನು ಯಜಮಾನರು ಗೋಡೌನ್ ಮಾಡಿಕೊಳ್ಳಲಿ ಎಂದೆ. ಸ್ವಂತ ದುಡಿಮೆ ಅಂತ ಒಂದಿರಬೇಕು ಕಣೇ ಎಂದು ಆಕೆ ಹೇಳಿದಳು. ಅಷ್ಟೇ ಹೇಳಿದ್ದು.

ಮೊದಲ ಎರಡು ವಾರ ನಾನು ಐವತ್ತರ ಲೆನ್ಸನ್ನೇ ಹಾಕಿದ್ದೆ. ಗಿಡದ ಮುಂದೆ ನಿಂತು, ಕೊಂಬೆ ಎತ್ತಿಸಿ, ಇದ್ದದ್ದನ್ನು ಇದ್ದ ಹಾಗೆ ತೆಗೆದೆ. ಸಾಹುಕಾರರಿಗೆ ಸಮಾಧಾನವಾಗಲಿಲ್ಲ. ಎಲ್ಲಾ ಮಂಕು ಮಂಕಾಗಿದೆ, ಎಲೆ ಮೇಲೆ ಬಿಳಿ ಹೊಳಪು ಬಿಟ್ಟರೆ ಏನೂ ಕಾಣುವುದಿಲ್ಲ, ಇದಕ್ಕೆ ನಮ್ಮ ರೈಟರ್ ಫೋನೇ ಸಾಕಿತ್ತಲ್ಲಮ್ಮಾ ಎಂದರು. ಆ ಮಾತು ನನಗೆ ಚುಚ್ಚಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳನ್ನು ರೈಟರ್ ಫೋನಿನ ಜೊತೆ ತೂಗುವುದೆಂದರೇನು? ಅವತ್ತೇ ಬೆಂಗಳೂರಿನಿಂದ ಒಂದು ಪೋಲರೈಸರ್ ತರಿಸಿದೆ.

ಪೋಲರೈಸರ್ ಎಂದರೆ ಲೆನ್ಸಿನ ಮುಂದೆ ತಿರುಪುವ ಕಪ್ಪು ಗಾಜು. ಅದರ ಹೊರಗಿನ ಬಳೆ ತಿರುಗುತ್ತದೆ. ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕಡೆ ಬಂದಾಗ ಇಬ್ಬನಿ ಬಿದ್ದ ಎಲೆಯ ಮೇಲಿನ ಹೊಳಪು ಮಾಯವಾಗಿ ಒಳಗಿನ ಬಣ್ಣ ಗಾಢವಾಗಿ ಎದ್ದು ಬರುತ್ತದೆ. ಯಜಮಾನರು ಅದರ ಬಿಲ್ಲು ನೋಡಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರು. ನಿಮ್ಮ ಅಂಗಡಿಯ ಮೊಳೆಯ ಲೆಕ್ಕ ನೋಡಿಕೊಳ್ಳಿ ಎಂದೆ.

ಮೂರನೆಯ ವಾರ ಉದ್ದ ಲೆನ್ಸಿಗೆ ಪೋಲರೈಸರ್ ಹಾಕಿಕೊಂಡು ಹೋದೆ. ಪೂರ್ವದ ಬ್ಲಾಕಿನ ಒಳಗೆ ಇಳಿಯಲಿಲ್ಲ, ಎದುರು ದಿಬ್ಬದ ಮೇಲೆ ಟ್ರೈಪಾಡು ನಿಲ್ಲಿಸಿ ಇನ್ನೂರಕ್ಕೆ ಎಳೆದೆ. ಉದ್ದ ಲೆನ್ಸಿನ ಗುಣವೇನೆಂದರೆ, ದೂರದಿಂದ ಎಳೆದಾಗ ಹಿಂದೆ ಮುಂದೆ ಇರುವುದೆಲ್ಲ ಒತ್ತಿಕೊಂಡು ಒಂದರ ಮೇಲೊಂದು ಕೂರುತ್ತದೆ. ಹತ್ತು ಸಾಲಿನ ಗಿಡಗಳ ಬಿಸಿಲಿಗೆ ಮುಖ ಮಾಡಿದ ಕೊಂಬೆಗಳು ಒಂದೇ ಗೋಡೆಯ ಹಾಗೆ ಬಂದವು. ಬಿಸಿಲಿನ ಕಡೆಯ ಹಣ್ಣೇ ಮೊದಲು ಕೆಂಪಾಗುವುದು, ಅದು ಮಗುವಿಗೂ ಗೊತ್ತು. ಅದರ ಮೇಲೆ ಬಳೆ ತಿರುಗಿಸಿದೆ. ಹಳದಿ ಬಣ್ಣದ ದೋರುಗಾಯಿ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. ಇಡೀ ಇಳಿಜಾರು ಹಣ್ಣಿನಿಂದ ತುಂಬಿಹೋದ ಹಾಗೆ ಕಂಡಿತು. ಇಷ್ಟು ಚೆಂದದ ಚಿತ್ರ ನಾನು ಬಹಳ ದಿನದಿಂದ ತೆಗೆದಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಮೇಸ್ತ್ರಿ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಬಗ್ಗಿ ನೋಡಿದಳು. ಒಮ್ಮೆ ಪರದೆ ನೋಡಿದಳು, ಒಮ್ಮೆ ಎದುರಿನ ಇಳಿಜಾರು ನೋಡಿದಳು.

“ಇಷ್ಟು ಕೆಂಪು ಎಲ್ಲಿದೆ ಮಾರಾಯ್ತಿ?” ಅಂದಳು.

“ಕಣ್ಣಿಗೆ ಕಾಣದ್ದೂ ಲೆನ್ಸಿಗೆ ಕಾಣುತ್ತೆ ಅಕ್ಕಾ. ಅದಕ್ಕೇ ಅಲ್ವಾ ನನ್ನ ಕರೆಸಿರೋದು?” ಅಂದೆ.

ಈ ಉತ್ತರ ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆಕೆ ಕೊಕ್ಕೆಕೋಲು ಎತ್ತಿಕೊಂಡು ಮುಂದೆ ನಡೆದಳು.

ಫೋಟೋ ಸಾಹುಕಾರರಿಗೆ ಹೋಯಿತು. ಹತ್ತು ನಿಮಿಷಕ್ಕೆ ಫೋನ್ ಬಂತು. ಇದೀಗ ಫೋಟೋ ಅಂದ್ರೆ ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅವತ್ತೇ ಅವರು ರೈಟರಿಗೆ ಹೇಳಿ, ಸೋಮವಾರದಿಂದ ಪೂರ್ವದ ಬ್ಲಾಕಿನಲ್ಲಿ ಮುಖ್ಯ ಕೊಯ್ಲು ಶುರು ಮಾಡಿ ಎಂದುಬಿಟ್ಟರು. ಮೇಸ್ತ್ರಿ ಇನ್ನೂ ಹತ್ತು ದಿನ ಬೇಕು ಎಂದು ಫೋನಿನಲ್ಲಿ ಹೇಳಿದಳಂತೆ. ಫೋಟೋ ನನ್ನ ಕಣ್ಣ ಮುಂದೆ ಇದೆ, ಹಣ್ಣು ಉದುರಿಸಿ ಕೂರಬೇಕಾ ಎಂದು ಸಾಹುಕಾರರು ಗದರಿದರಂತೆ.

ಕೊಯ್ಲು ಶುರುವಾಯಿತು. ಮೊದಲ ದಿನ ಆಕೆ ಆಳುಗಳಿಗೆ ಕೆಂಪು ಮಾತ್ರ ಆರಿಸಿ ಎಂದಳು. ಸಂಜೆ ತೂಕ ನೋಡಿದರೆ ಒಬ್ಬೊಬ್ಬರದ್ದು ಅರ್ಧ ಬುಟ್ಟಿಯೂ ಇಲ್ಲ. ಕೊಯ್ಯುವವರಿಗೆ ಕೂಲಿ ತೂಕದ ಮೇಲೆ, ಅವರು ಗೊಣಗಿದರು. ಚಿಕ್ಕಮಗಳೂರಿನಿಂದ ಸಾಹುಕಾರರು, ಅಷ್ಟೊಂದು ಹಣ್ಣಿರುವ ಬ್ಲಾಕಿನಲ್ಲಿ ಇಷ್ಟೇನಾ, ಆಳುಗಳನ್ನು ಮಾತಾಡಿಕೊಂಡು ಕೂರಿಸಿದ್ದೀಯಾ ಎಂದು ಕೇಳಿದರು. ಎರಡನೆಯ ದಿನವೂ ಅದೇ. ಮೂರನೆಯ ದಿನದಿಂದ ಆಕೆ ಸುಮ್ಮನಾದಳು. ಆಳುಗಳು ದೋರುಗಾಯಿಯನ್ನೂ ಸೇರಿಸಿ ಎಳೆದು ಬುಟ್ಟಿ ತುಂಬಿದರು.

ಸುಲಿಯುವ ಯಂತ್ರಕ್ಕೆ, ಪಲ್ಪರಿಗೆ, ಹಸಿಕಾಯಿ ಹೋದರೆ ಸಿಪ್ಪೆ ಬಿಡುವುದಿಲ್ಲ. ಅರ್ಧಕ್ಕರ್ಧ ಹಾಗೇ ಉರುಳಿ ಹೊರಗೆ ಬಂತು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟಿನ ಮಾದರಿಯನ್ನು ಬೀಜ ಹದಮಾಡಿ ಮಾರುವ ಕ್ಯೂರಿಂಗ್‌ನವರು ನೋಡಿ, ಹಸಿ ಬೀಜ ಬಹಳ ಎಂದು ತಿರುಗಿಸಿ ಕಳಿಸಿದರು. ಆ ತೋಟದ ಸರಕು ತಿರುಗಿ ಬಂದದ್ದು ಅದೇ ಮೊದಲು.

ಪೂರ್ವದ ಬ್ಲಾಕು ಮುಗಿಯುವವರೆಗೆ ಬೇರೆ ಫೋಟೋ ಬೇಡ ಎಂದು ಸಾಹುಕಾರರು ಹೇಳಿದ್ದರಿಂದ ನಾನು ಆ ಕಡೆ ಹೋಗಿರಲಿಲ್ಲ, ಇದೆಲ್ಲ ನನಗೆ ತಿಳಿದದ್ದು ರೈಟರಿಂದ. ಒಂದು ಸೋಮವಾರ ಯಾವುದೋ ಅರ್ಜಿಗೆ ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋಗೆ ಬಂದಿದ್ದರು. ಸ್ಟೂಲಿನ ಮೇಲೆ ಕೂತು, ಗಲ್ಲ ಎತ್ತಿ ಎಂದರೆ ಎತ್ತದೆ, ಇದನ್ನು ಹೇಳಿದರು. ಬ್ಲಾಕ್ ಪೂರ್ತಿ ಹಣ್ಣಾಗಿದ್ದರೂ ಬೇಗ ಮುಗಿಸುವ ಆಸೆಗೆ ಮೇಸ್ತ್ರಿ ಕಾಯಿ ಎಳೆಸಿದ್ದಾಳೆ ಎಂದು ಸಾಹುಕಾರರ ಸಿಟ್ಟು. ನಿನ್ನೆ ಭಾನುವಾರ ಅವಳನ್ನು ಮೇಸ್ತ್ರಿ ಕೆಲಸದಿಂದ ತೆಗೆದಾಯಿತು, ಇರುವುದಾದರೆ ಇವತ್ತಿನಿಂದ ಬುಟ್ಟಿ ಕಟ್ಟಿಕೊಂಡು ಉಳಿದವರ ಜೊತೆ ಸಾಲಿಗೆ ನಿಲ್ಲಬೇಕು ಎಂದು ಹೇಳಿಸಿದ್ದಾರೆ. ಅವಳು ಕೆಲಸಕ್ಕೂ ಬಂದಿಲ್ಲ, ಏನೂ ಹೇಳಿಯೂ ಇಲ್ಲ, ಲೈನಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ ಎಂದರು. ನಾನು ಅವರ ಗಲ್ಲ ಸರಿಮಾಡಿ ಫೋಟೋ ಒತ್ತಿದೆ. ಪ್ರಿಂಟ್ ಕತ್ತರಿಸುವಾಗ ಗೆರೆ ತಪ್ಪಿ ಒಂದು ಹಾಳಾಯಿತು, ಇನ್ನೊಂದು ತೆಗೆದುಕೊಟ್ಟೆ.

ಏನಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಸಾಹುಕಾರರೇ, ಫೋಟೋ ನನ್ನದು, ಬಣ್ಣವೂ ನನ್ನದು ಎಂದರೆ ಸಾಕಿತ್ತು. ಮಾಡಲಿಲ್ಲ. ಮೊದಲ ದಿನ, ಅವರಿಗೆ ಸಿಟ್ಟು ಇಳಿಯಲಿ ಎಂದುಕೊಂಡೆ. ಎರಡನೆಯ ದಿನ, ನಾನು ಫೋಟೋ ತೆಗೆದೆನೇ ಹೊರತು ಕೊಯ್ಯಿರಿ ಎಂದೆನೇ ಎಂದು ನನ್ನಷ್ಟಕ್ಕೆ ವಾದ ಮಾಡಿದೆ. ಮೂರನೆಯ ದಿನ ಆಕೆಯೇ ಹೇಳಿರುತ್ತಾಳೆ ಬಿಡು ಎಂದುಕೊಂಡೆ. ಆಕೆಗೆ ಫೋನ್ ಮಾಡುವುದಕ್ಕೂ ಧೈರ್ಯ ಬರಲಿಲ್ಲ. ಊರಿನಲ್ಲಿ ಯಾರು ಯಾವ ತೋಟದ ಮಾತೆತ್ತಿದರೂ ನನಗೆ ಅದೇ ತೋಟದ ಮಾತೆನ್ನಿಸುತ್ತಿತ್ತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಷ್ಟರಲ್ಲಿ ಸಾಹುಕಾರರು ಪಶ್ಚಿಮದ ಬ್ಲಾಕಿನ ಫೋಟೋ ಯಾವಾಗ ಎಂದು ಕೇಳಿದರು. ಜ್ವರ ಎಂದು ಸುಳ್ಳು ಹೇಳಿದೆ.

ಮಂಗಳವಾರ, ಅಂದರೆ ರೈಟರ್ ಬಂದುಹೋಗಿ ವಾರ ಕಳೆದ ಮೇಲೆ, ಯಜಮಾನರು ಊಟಕ್ಕೆ ಕೂತವರು ಏನಾಗಿದೆ ನಿನಗೆ, ಎಂಟು ದಿನದಿಂದ ನನ್ನನ್ನು ಬೈದೇ ಇಲ್ಲವಲ್ಲ ಎಂದರು. ನನಗೆ ಅಳು ಬಂತು. ಕಂಪ್ಯೂಟರಿನಲ್ಲಿ ಎರಡು ಫೋಟೋ ತೆಗೆದು ಪಕ್ಕಪಕ್ಕ ತೋರಿಸಿದೆ. ಅದೇ ದಿನ, ಅದೇ ದಿಬ್ಬ, ಐದು ನಿಮಿಷದ ಅಂತರ. ಒಂದು ಉದ್ದ ಲೆನ್ಸು ಹಾಕುವ ಮೊದಲು ಐವತ್ತರಲ್ಲಿ ಸುಮ್ಮನೆ ಒತ್ತಿದ್ದು, ಪೋಲರೈಸರ್ ಇಲ್ಲದೆ. ಹಸಿರು ಇಳಿಜಾರು, ಅಲ್ಲಲ್ಲಿ ಕೆಂಪು ಚುಕ್ಕಿ. ಇನ್ನೊಂದು ನಾನು ಕಳಿಸಿದ್ದು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಪೈಪು ಎಂದು ತಮಾಷೆ ಮಾಡಲಿಲ್ಲ.

“ನಮ್ಮಂಗಡೀಲಿ ಕಾರ್ಡಲ್ಲಿ ಒಂದು ಬಣ್ಣ ತೋರ್ಸಿ ಡಬ್ಬೀಲಿ ಇನ್ನೊಂದು ಕೊಟ್ರೆ, ಬಂದು ಮುಖಕ್ಕೆ ಎಸೀತಾರೆ. ನಾಳೆ ಮೊದಲ್ನೇ ಬಸ್ಸಿಗೆ ಹೋಗು,” ಅಂದರು.

ಬುಧವಾರ ಬೆಳಿಗ್ಗೆ ಎರಡೂ ಫೋಟೋಗಳ ದೊಡ್ಡ ಪ್ರಿಂಟ್ ಹಾಕಿಕೊಂಡು ಚಿಕ್ಕಮಗಳೂರಿಗೆ ಹೋದೆ. ಸಾಹುಕಾರರು ವಾಕರ್ ಹಿಡಿದು ಜಗಲಿಯವರೆಗೆ ನಡೆಯುವಷ್ಟಾಗಿದ್ದರು. ಮಗಳು ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಕಾಫಿ ಮುಟ್ಟದೆ ಎರಡನ್ನೂ ಅವರ ತೊಡೆಯ ಮೇಲಿಟ್ಟು ಎಲ್ಲಾ ಹೇಳಿದೆ. ದೂರದಿಂದ ಎಳೆದದ್ದು, ಬಿಸಿಲಿನ ಕೊಂಬೆ ಮಾತ್ರ ಬಂದದ್ದು, ಗಾಜು ತಿರುಗಿಸಿದ್ದು, ಮೇಸ್ತ್ರಿ ಅಲ್ಲೇ ನಿಂತು ಇಷ್ಟು ಕೆಂಪು ಎಲ್ಲಿದೆ ಎಂದು ಕೇಳಿದ್ದು, ನಾನು ಕೊಟ್ಟ ಉತ್ತರ. ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದು ಕೂತೆ.

ಅವರು ಬೈಯಲಿಲ್ಲ. ಐವತ್ತರ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು.

“ನಾನು ಅವಳನ್ನ ಕೇಳಿದ್ದೆ ಕಣಮ್ಮಾ,” ಅಂದರು. “ಕೆಲ್ಸದಿಂದ ತೆಗಿಯೋಕೆ ಮುಂಚೆ ಫೋನ್ ಮಾಡಿ ಕೇಳ್ದೆ. ಒಂದೋ ಆ ಫೋಟೋ ತಪ್ಪಿರ್ಬೇಕು, ಇಲ್ಲಾ ನೀನು ಸರಿಯಾಗಿ ನೋಡ್ಕೊಂಡಿಲ್ಲ, ಎರಡ್ರಲ್ಲಿ ಯಾವುದು ಹೇಳು ಅಂದೆ. ಫೋಟೋ ಸರಿಯಾಗೇ ಇದೆ ಸಾವ್ಕಾರ್ರೇ, ನಾನೇ ನೋಡ್ಕೊಳ್ಳಲಿಲ್ಲ ಅಂದ್ಳು.”

ಶಟರ್ ಎಳೆದುಬಿಡುತ್ತೇನೆ ಎಂದು ಆಕೆಯ ಮುಂದೆ ಹೇಳಿಕೊಂಡವಳು ನಾನೇ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹಾಗೆ ಹೇಳಿದ್ದಾಳೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾಚಿಕೆಯಿಂದ ನನಗೆ ಆ ಜಗಲಿಯಲ್ಲಿ ಕೂರುವುದೇ ಕಷ್ಟವಾಯಿತು.

ಸಾಹುಕಾರರು ಅಲ್ಲಿಂದಲೇ ರೈಟರಿಗೆ ಫೋನ್ ಮಾಡಿ, ಮೇಸ್ತ್ರಿಗೆ ಹೇಳಿ, ನಾಳೆಯಿಂದ ಮೊದಲಿನ ಹಾಗೇ ಬರಲಿ, ನಾನೇ ಮಾತಾಡುತ್ತೇನೆ ಎಂದರು. ಆ ಕಡೆಯಿಂದ ರೈಟರ್ ಹೇಳಿದ್ದು ನನಗೂ ಕೇಳಿಸಿತು. ಅವಳು ನಿನ್ನೆ ಬೆಳಿಗ್ಗೆಯೇ ಲೈನ್ ಮನೆಯ ಬೀಗದ ಕೈ ಕೊಟ್ಟು ಹೋದಳು, ಸಂಸೆಯ ಹತ್ತಿರ ತಂಗಿಯ ಮನೆಯಿದೆಯಂತೆ, ಅಲ್ಲೊಂದು ತೋಟದಲ್ಲಿ ಕೊಯ್ಲಿಗೆ ಸೇರಿಕೊಳ್ಳುತ್ತಾಳಂತೆ. ಫೋನ್ ಎತ್ತುತ್ತಿಲ್ಲ. ಸಾಹುಕಾರರು ಫೋನ್ ಕೆಳಗಿಟ್ಟರು. ಕೋಪದಲ್ಲಿ ಕೊಯ್ದ ಮೂಗು ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಾನು ಹೊರಟಾಗ, ಪಶ್ಚಿಮದ ಬ್ಲಾಕಿನ ಫೋಟೋ ಆ ಗಾಜು ಇಲ್ಲದೆ ತೆಗೆದು ಕಳಿಸಿ ಎಂದರು. ನನ್ನ ಕೆಲಸ ಹೋಗಲಿಲ್ಲ.

ಮಾರನೆಯ ದಿನ ಬಾಳೆಹೊನ್ನೂರಿಗೆ ಹೋಗಿ, ಅಲ್ಲಿಂದ ಕಳಸ, ಕಳಸದಿಂದ ಸಂಸೆ. ಮೂರು ಬಸ್ಸು ಹತ್ತಿ ಇಳಿದು ಆ ತೋಟ ಹುಡುಕುವ ಹೊತ್ತಿಗೆ ಸಂಜೆ ನಾಲ್ಕೂವರೆ ದಾಟಿತ್ತು. ಅಲ್ಲಿ ಯಾರಿಗೂ ನನ್ನ ಗುರುತಿಲ್ಲ. ಹೆಗಲಿನಲ್ಲಿ ಕ್ಯಾಮೆರಾ ಇಲ್ಲದೆ ಒಂದು ತೋಟದೊಳಗೆ ಕಾಲಿಟ್ಟದ್ದು ನೆನಪಿದ್ದಂತೆ ಅದೇ ಮೊದಲು.

ತೂಕದ ಹೊತ್ತು. ಕೊಯ್ಲಿನವರು ಕಣದ ಅಂಚಿನಲ್ಲಿ ಚೀಲ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಆಕೆ ಕೊನೆಯಿಂದ ಮೂರನೆಯವಳು. ಸೊಂಟಕ್ಕೆ ಬುಟ್ಟಿ ಕಟ್ಟಿದ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಮುಂದೆ ಗೋಣಿ ಹಾಸಿಕೊಂಡು, ತಾನು ಕೊಯ್ದ ಹಣ್ಣಿನಲ್ಲಿ ತಪ್ಪಿ ಬಂದ ಕಾಯಿಗಳನ್ನು ಬೇರೆ ಮಾಡುತ್ತಿದ್ದಳು. ಹತ್ತೋ ಹನ್ನೆರಡೋ ಇದ್ದವು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಗೋಣಿಯ ಅಂಚು ಮಡಚಿ ಕೂರುವುದಕ್ಕೆ ಜಾಗ ಮಾಡಿದಳು. ತಿಂಡಿ ತಿಂದೆಯಾ ಎಂದು ಕೇಳಿದಳು.

ನಾನು ಸಾಹುಕಾರರ ಮನೆಗೆ ಹೋದದ್ದು, ಎರಡು ಫೋಟೋ ತೋರಿಸಿದ್ದು, ಅವರು ಮೇಸ್ತ್ರಿಯಾಗಿಯೇ ಬಾ ಎಂದದ್ದು ಎಲ್ಲಾ ಹೇಳಿದೆ. ಆಕೆ ಕೈ ನಿಲ್ಲಿಸದೆ ಕೇಳಿದಳು. ಇಲ್ಲಿ ಕೊಯ್ಲು ಮುಗಿಯುವವರೆಗೆ ಇರುತ್ತೇನೆ ಎಂದು ಒಪ್ಪಿಕೊಂಡಿದ್ದಾಳಂತೆ, ಆಮೇಲೆ ನೋಡೋಣ ಎಂದಳು. ಸಿಟ್ಟು ಇರಲಿಲ್ಲ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಫೋಟೋ ಸರಿಯಾಗಿದೆ ಅಂತ ಯಾಕೆ ಹೇಳ್ದೆ ಅಕ್ಕಾ?” ಎಂದು ಕೇಳಿದೆ.

“ತಪ್ಪು ಅಂದಿದ್ರೆ ನಿನ್ನನ್ನ ಬಿಡಿಸ್ತಿದ್ರು. ನಾನಾದ್ರೆ ಯಾವ ತೋಟದಲ್ಲಾದ್ರೂ ಬುಟ್ಟಿ ಕಟ್ತೀನಿ.”

“ನಾನು ಸುಮ್ಮನೇ ಕೂತಿದ್ನಲ್ಲ ಅಕ್ಕಾ. ಅಷ್ಟೂ ದಿನ.”

ಆಕೆಯ ಹೆಸರು ಕರೆದರು. ಚೀಲದ ಬಾಯಿ ಕಟ್ಟಿ, ಮಂಡಿ ಹಿಡಿದುಕೊಂಡು ಎದ್ದಳು. ನಾನು ಚೀಲಕ್ಕೆ ಕೈ ಹಾಕಲು ಹೋದರೆ ಬೇಡ ಎಂದು ತಾನೇ ಬೆನ್ನಿಗೆ ಎಳೆದುಕೊಂಡಳು.

“ಗೊತ್ತು ಮಾರಾಯ್ತಿ,” ಅಂದಳು. “ಎಂಟು ದಿನ ಲೈನಲ್ಲೇ ಕೂತಿದ್ದೆ. ನೀನೇ ಹೋಗಿ ಹೇಳ್ತೀಯ ಅಂತ.”